ಯಾವಾಗ ಹೀಟಾಯ್ತು, ಯಾವಾಗ ಹೊಗೆ ಬಂತು?

"ಗಾಡಿ ಹೀಟ್ ಆಗ್ತಿದೆ, ಹೊಗೆನೂ ಬರ್ತಿದೆ." ಹಳೇ ಡೀಸೆಲ್ ಜೀಪು ಇಟ್ಟುಕೊಂಡವರು ಗ್ಯಾರೇಜಿನಲ್ಲಿ ಇಷ್ಟು ಹೇಳಿದರೆ ಸಾಕು. ಸುತ್ತ ನಿಂತವರಲ್ಲಿ ಒಬ್ಬರಾದರೂ "ಎಂಜಿನ್ ಕೆಲಸ ಬಂತು ಬಿಡಿ" ಅನ್ನುತ್ತಾರೆ. ಹತ್ತು ನಿಮಿಷದಲ್ಲಿ ಮಾತು ಸಿಲಿಂಡರಿನ ಬೋರ್, ಅದರ ಒಳಗೋಡೆಯಾದ ಲೈನರ್, ಪಿಸ್ಟನ್ನಿನ ಸುತ್ತ ಕೂರುವ ರಿಂಗ್ ಸೆಟ್ಟಿನ ರೇಟಿಗೆ ಬಂದು ನಿಂತಿರುತ್ತದೆ.

ಈ ಅವಸರ ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎಂಜಿನ್ ಬಿಚ್ಚುವುದು ಸಣ್ಣ ಕೆಲಸವಲ್ಲ. ಪಿಸ್ಟನ್, ಬೇರಿಂಗ್, ಹೆಡ್ ಫೇಸಿಂಗ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನು ಮಟ್ಟ ಮಾಡುವುದು), ಲೇತ್ ಕೂಲಿ ಎಲ್ಲ ಸೇರಿದರೆ ಹಳೇ ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲೇ ಹೋಗುತ್ತದೆ. ಅಷ್ಟು ಖರ್ಚು ಮಾಡಿಸಿಕೊಂಡು ಹೊರಗೆ ಬಂದ ಜೀಪು ಮೊದಲ ಘಾಟಿಯಲ್ಲೇ ಮತ್ತೆ ಕುದಿಯುವುದನ್ನು ನೋಡಿದ್ದೇನೆ. ತೊಂದರೆ ಇದ್ದದ್ದು ರೇಡಿಯೇಟರಿನಲ್ಲಿ, ಬಿಚ್ಚಿದ್ದು ಎಂಜಿನ್.

ನಮ್ಮ ಮನೆಯಲ್ಲಿರುವುದು ಮಹೀಂದ್ರಾ ಎಂಎಂ540. 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಸ್ಕ್ಯಾನರ್ ಸಿಕ್ಕಿಸಲು ಜಾಗವೇ ಇಲ್ಲ. ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ತೋಟದ ದಾರಿಗಳಲ್ಲಿ ಇಂಥ ಜೀಪುಗಳು ಇನ್ನೂ ದುಡಿಯುತ್ತಿವೆ. ಅವು ತಮ್ಮ ಕಷ್ಟವನ್ನು ಮುಖ್ಯವಾಗಿ ಎರಡು ಕಡೆ ತೋರಿಸುತ್ತವೆ. ಒಂದು ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು, ಇನ್ನೊಂದು ಸೈಲೆನ್ಸರಿನ ಹೊಗೆ. ಎರಡನ್ನೂ ಓದುವುದಕ್ಕೆ ಸ್ಪ್ಯಾನರ್ ಬೇಕಿಲ್ಲ. ಎಷ್ಟು ಹೀಟು, ಯಾವ ಬಣ್ಣ ಅಂತ ಕೇಳುವ ಮೊದಲು "ಯಾವಾಗ?" ಅಂತ ಕೇಳಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲಾ, ಏರಿನಲ್ಲಾ, ಟ್ರಾಫಿಕ್ಕಿನಲ್ಲಾ, ಇಳಿಜಾರು ಮುಗಿಸಿ ಮತ್ತೆ ಆಕ್ಸಿಲೇಟರ್ ಒತ್ತಿದಾಗಲಾ? ಅರ್ಧ ಉತ್ತರ ಅಲ್ಲೇ ಇರುತ್ತದೆ.

ಮೊದಲು ಮುಳ್ಳನ್ನೇ ನೋಡೋಣ. ಅದು ಎಂಜಿನ್ನಿನ ಬಿಸಿಯನ್ನು ನೇರವಾಗಿ ತೋರಿಸುವುದಿಲ್ಲ. ಸೆನ್ಸರ್ ಕೂತ ಜಾಗದಲ್ಲಿ ನೀರು ಎಷ್ಟು ಬಿಸಿ ಇದೆ ಅನ್ನುವುದನ್ನು ತೋರಿಸುತ್ತದೆ. ನೀರೇ ಇಲ್ಲದಿದ್ದರೆ? ಹೋಸ್ ಪೈಪ್ ಒಡೆದು ನೀರೆಲ್ಲ ರಸ್ತೆ ಪಾಲಾದರೆ ಸೆನ್ಸರ್ ಬರೀ ಗಾಳಿಯಲ್ಲಿ ಉಳಿಯುತ್ತದೆ. ಆಗ ಮುಳ್ಳು ಕೆಳಗೆ ಬೀಳಬಹುದು. ಒಳಗೆ ಎಂಜಿನ್ ಸುಡುತ್ತಿರುತ್ತದೆ, ಮುಂದೆ ಕೂತವರು "ಅಬ್ಬ, ತಣ್ಣಗಾಯ್ತು" ಅಂದುಕೊಳ್ಳುತ್ತಾರೆ. ಹಾಗಾಗಿ ಮೇಲೆ ಹೋದ ಮುಳ್ಳು ಏರು ಮುಗಿಯುವ ಮೊದಲೇ ದಿಢೀರನೆ ಕೆಳಗೆ ಬಂದರೆ ಸಂತೋಷಪಡಬೇಡಿ. ತಕ್ಷಣ ಪಕ್ಕಕ್ಕೆ ಹಾಕಿ ನಿಲ್ಲಿಸಿ.

ಮುಳ್ಳು ಸುಳ್ಳು ಹೇಳುವುದೂ ಇದೆ. ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಜಾಸ್ತಿ ತೋರಿಸಿ, ಲೈಟ್ ಆರಿಸಿದಾಗ ಇಳಿದರೆ, ಅದು ಅರ್ಥಿಂಗ್ ಸರಿಯಿಲ್ಲದ ಲಕ್ಷಣ. ಡ್ಯಾಶ್‌ಬೋರ್ಡಿನ ಹಿಂದಿನ ಅರ್ಥ್ ವೈರು ತುಕ್ಕು ಹಿಡಿದಿರುತ್ತದೆ. ಡೀಸೆಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೇ ಹುಚ್ಚಾಟ ಆಡಿದರೂ ಅನುಮಾನ ವೈರಿಂಗ್ ಮೇಲೇ ಬರಬೇಕು. ಈಗ ಮುಟ್ಟದೆಯೇ ಬಿಸಿ ಅಳೆಯುವ ಗನ್ ಥರ್ಮಾಮೀಟರು ಕಡಿಮೆ ದುಡ್ಡಿಗೇ ಸಿಗುತ್ತದೆ. ಬಿಸಿ ನೀರಿನ ದಾರಿಯನ್ನು ತೆರೆದು ಮುಚ್ಚುವ ಥರ್ಮೋಸ್ಟಾಟ್ ಕೂತಿರುವ ಗೂಡಿನ ಹತ್ತಿರ ಅದನ್ನು ಹಿಡಿದು, ಮುಳ್ಳಿನ ಜೊತೆ ತಾಳೆ ನೋಡಿದರೆ ಆಯಿತು. ಹೊಳೆಯುವ ಲೋಹದ ಮೇಲೆ ಹಿಡಿದರೆ ಮಾತ್ರ ಅದು ಕಡಿಮೆ ತೋರಿಸುತ್ತದೆ. ಕಪ್ಪು ಬಣ್ಣ ಬಳಿದ ಜಾಗದಲ್ಲೋ ರಬ್ಬರ್ ಹೋಸಿನ ಮೇಲೋ ಹಿಡಿಯಬೇಕು.

ಮುಳ್ಳು ನಿಜ ಹೇಳುತ್ತಿದೆ ಅಂತ ಖಾತ್ರಿಯಾಯಿತು ಅನ್ನಿ. ಈಗ ಯಾವಾಗ ಅನ್ನುವ ಪ್ರಶ್ನೆ.

ಪೇಟೆ ಟ್ರಾಫಿಕ್ಕಿನಲ್ಲಿ ನಿಂತಾಗ ಹೀಟಾಗಿ, ಹೈವೇಯಲ್ಲಿ ಓಡುವಾಗ ಇಳಿದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಓಡುವಾಗ ಎದುರುಗಾಳಿ ಫ್ಯಾನಿನ ಕೆಲಸ ಮಾಡುತ್ತದೆ. ನಿಂತಾಗ ಫ್ಯಾನೇ ಗತಿ. ಬೆಲ್ಟ್ ಸಡಿಲವೇ ನೋಡಿ. ಫ್ಯಾನಿನ ಸುತ್ತ ಇರಬೇಕಾದ ಶ್ರೌಡ್ ಅನ್ನುವ ಕವಚ ಇದೆಯೇ ನೋಡಿ. ಹಳೇ ಜೀಪುಗಳಲ್ಲಿ ಎಷ್ಟೋ ಸಲ ಅದನ್ನು ಯಾವಾಗಲೋ ಬಿಚ್ಚಿ ಗ್ಯಾರೇಜಿನ ಮೂಲೆಗೆ ಎಸೆದಿರುತ್ತಾರೆ. ಅದಿಲ್ಲದಿದ್ದರೆ ಫ್ಯಾನು ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಅಲ್ಲೇ ಬಿಸಿ ಗಾಳಿಯನ್ನು ಸುತ್ತಿಸುತ್ತಿರುತ್ತದೆ.

ಇದಕ್ಕೆ ಉಲ್ಟಾ, ಊರೊಳಗೆ ಏನೂ ಇಲ್ಲ, ಘಾಟಿ ಹತ್ತುವಾಗ ಇಲ್ಲವೇ ಜೋರಾಗಿ ಓಡಿಸುವಾಗ ಮಾತ್ರ ಹೀಟು ಅಂದರೆ ನೀರಿನ ಹರಿವನ್ನೋ ರೇಡಿಯೇಟರನ್ನೋ ಹಿಡಿಯಬೇಕು. ಒಳಗೆ ಅರ್ಧ ಟ್ಯೂಬುಗಳು ಕಟ್ಟಿಕೊಂಡಿರುತ್ತವೆ. ಉಳಿದರ್ಧ ಊರೊಳಗಿನ ಓಡಾಟಕ್ಕೆ ಸಾಕು, ಚಾರ್ಮಾಡಿಗೆ ಸಾಲದು. ಎಂಜಿನ್ ಬಿಸಿಯಾದಾಗ ಗನ್ ಥರ್ಮಾಮೀಟರನ್ನು ರೇಡಿಯೇಟರಿನ ಉದ್ದಗಲಕ್ಕೂ ಹಿಡಿಯುತ್ತಾ ಹೋಗಿ. ಅಕ್ಕಪಕ್ಕ ಬಿಸಿ ಇದ್ದು ನಡುವೆ ಒಂದೊಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿ ನೀರು ಹರಿಯುತ್ತಿಲ್ಲ. ಕೆಳಗಿನ ಹೋಸನ್ನೂ ನೋಡಿ. ಒಬ್ಬರು ರೇಸ್ ಕೊಡುವಾಗ ಅದು ಒಳಕ್ಕೆ ಚಪ್ಪಟೆಯಾಗುತ್ತಿದ್ದರೆ ನೀರಿನ ದಾರಿಯೇ ಮುಚ್ಚಿತು.

ರೇಡಿಯೇಟರ್ ಕಟ್ಟಿಕೊಳ್ಳುವುದರಲ್ಲಿ ನಮ್ಮ ಕೈವಾಡವೂ ಇದೆ. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಅದನ್ನೇ ವರ್ಷಗಟ್ಟಲೆ ಸುರಿದರೆ ಸ್ನಾನದ ಹಂಡೆಯೊಳಗೆ ಕಟ್ಟುವಂಥ ಬಿಳಿ ಪದರ ಒಳಗೂ ಕಟ್ಟುತ್ತದೆ. ಮಲೆನಾಡಿನ ಹಳ್ಳದ ನೀರಿನಲ್ಲಿ ಸುಣ್ಣ ಕಡಿಮೆ. ಆದರೆ ಬರೀ ನೀರು ಹಾಕಿದರೆ ತುಕ್ಕಂತೂ ಬರುತ್ತದೆ. ಇನ್ನು ಲೀಕ್ ನಿಲ್ಲಿಸಲು ಅರಿಶಿನ ಪುಡಿ ಹಾಕುವ ಪದ್ಧತಿ. ಕಾಡಿನ ನಡುವೆ ಸಿಕ್ಕಿಕೊಂಡಾಗ ಅದು ಮನೆ ಮುಟ್ಟಿಸಿದ್ದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಮನೆ ಮುಟ್ಟಿದ ಮೇಲೆ ಅದನ್ನು ತೊಳೆದು ತೆಗೆಯಬೇಕಲ್ವಾ? ಸಣ್ಣ ತೂತು ಮುಚ್ಚುವ ಪುಡಿ ಸಣ್ಣ ಟ್ಯೂಬನ್ನೂ ಮುಚ್ಚುತ್ತದೆ. ಹಳೇ ಹಿತ್ತಾಳೆ, ತಾಮ್ರದ ರೇಡಿಯೇಟರಿನ ಟ್ಯಾಂಕ್ ಬಿಚ್ಚಿಸಿ ರಾಡಿಂಗ್ ಮಾಡಿಸಬಹುದು. ತೆಳು ಪಟ್ಟಿ ತೂರಿಸಿ ಒಂದೊಂದೇ ಟ್ಯೂಬ್ ಕೆರೆದು ತೆಗೆಯುತ್ತಾರೆ. ಈ ಕೆಲಸ ಗೊತ್ತಿರುವವರು ಕಡಿಮೆಯಾಗುತ್ತಿದ್ದಾರೆ. ನಿಮ್ಮೂರಿನಲ್ಲಿ ಒಬ್ಬರಿದ್ದರೆ ಅವರ ನಂಬರ್ ಜೋಪಾನ.

ಥರ್ಮೋಸ್ಟಾಟ್ ವಿಷಯಕ್ಕೆ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. "ನಮ್ಮ ದೇಶದ ಬಿಸಿಲಿಗೆ ಅದು ಬೇಡ ಸಾರ್" ಅಂತ ಕಿತ್ತು ಬಿಸಾಡುವುದು ನಮ್ಮಲ್ಲಿ ಮಾಮೂಲು. ಥರ್ಮೋಸ್ಟಾಟ್ ಇರುವುದು ಎಂಜಿನ್ನನ್ನು ಬೇಗ ಬಿಸಿ ಮಾಡಲು ಮತ್ತು ಆ ಬಿಸಿಯಲ್ಲಿ ಹಿಡಿದಿಡಲು. ಬಹಳಷ್ಟು ಎಂಜಿನ್‌ಗಳಲ್ಲಿ ಅದು 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ತೆರೆದುಕೊಳ್ಳುತ್ತದೆ. ತೆಗೆದರೆ ಎಂಜಿನ್ ತಣ್ಣಗೇ ಓಡುತ್ತದೆ. ಡೀಸೆಲ್ ಸರಿಯಾಗಿ ಉರಿಯುವುದಿಲ್ಲ, ಲೈನರ್ ಬೇಗ ಸವೆಯುತ್ತದೆ, ಬೆಳಗಿನ ಬಿಳಿ ಹೊಗೆ ತುಂಬಾ ಹೊತ್ತು ನಿಲ್ಲುತ್ತದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಕೆಳಗಿನ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಕಿತ್ತು ಹಾಕಿದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ನೇರವಾಗಿ ಎಂಜಿನ್ನಿಗೇ ವಾಪಸ್. ಅಂದರೆ ಹೀಟ್ ಕಡಿಮೆಯಾಗಲಿ ಅಂತ ತೆಗೆದದ್ದೇ ಘಾಟಿಯಲ್ಲಿ ಹೀಟ್ ಮಾಡುತ್ತದೆ. ಅನುಮಾನವಿದ್ದರೆ ಪಾತ್ರೆಯ ನೀರಿನಲ್ಲಿ ಅದನ್ನು ಇಳಿಬಿಟ್ಟು ಒಲೆಯ ಮೇಲಿಡಿ. ತೆರೆದರೆ ಸರಿಯಿದೆ. ತೆರೆಯದಿದ್ದರೆ ಹೊಸದು ಹಾಕಿಸಿ.

ರೇಡಿಯೇಟರ್ ಮುಚ್ಚಳವನ್ನೂ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮೇಲೆ ಹತ್ತಿದಂತೆ ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿ ಕಡಿಮೆ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ. ಅಲ್ಲಿ ತೆರೆದ ನೀರು 93, 94 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಸಾಮಾನ್ಯವಾಗಿ ಓಡುವ ಬಿಸಿಗೂ ಇದಕ್ಕೂ ಎಷ್ಟು ಕಡಿಮೆ ಅಂತರ ನೋಡಿ. ಮುಚ್ಚಳದ ಸ್ಪ್ರಿಂಗು ಒಳಗೆ ಒತ್ತಡ ಕಟ್ಟಿ ಕುದಿಯುವ ಮಟ್ಟವನ್ನು ಮೇಲೆ ಎತ್ತುತ್ತದೆ. 0.9 ಬಾರ್ ಮುಚ್ಚಳವಾದರೆ ಸಮುದ್ರ ಮಟ್ಟದಲ್ಲಿ ಸುಮಾರು 119 ಡಿಗ್ರಿಯವರೆಗೂ ನೀರು ಕುದಿಯುವುದಿಲ್ಲ. ಹಳೇ ಜೀಪಿನ ಮುಚ್ಚಳ ಅದಕ್ಕಿಂತ ಕಡಿಮೆ ಒತ್ತಡದ್ದೂ ಇರಬಹುದು. ನಿಮ್ಮ ಗಾಡಿಗೆ ಎಷ್ಟೋ ಅಷ್ಟೇ ಹಾಕಬೇಕು. ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಈ ರಕ್ಷಣೆ ಪೂರ್ತಿ ಹೋಯಿತು. ಗಿರಿಯ ಮೇಲೆ ಮಾತ್ರ ಕುದಿಯುವ ಗಾಡಿಗೆ ಮೊದಲು ಇದನ್ನು ನೋಡಿ. ಬಿಸಿ ಇರುವಾಗ ಮಾತ್ರ ತೆರೆಯಲೇಬೇಡಿ. ರೇಡಿಯೇಟರಿನ ನೀರಿಗೆ ಬೆರೆಸುವ ಕೂಲೆಂಟ್ ಚೆಲ್ಲಿದರೆ ತೊಳೆದು ಹಾಕಿ. ಅದು ಸಿಹಿ, ನಾಯಿ ನೆಕ್ಕಿದರೆ ವಿಷ.

ಇನ್ನು ಹೊಗೆ.

ಬಣ್ಣದ ಪಾಠ ಎಲ್ಲರಿಗೂ ಗೊತ್ತು. ಕಪ್ಪಾದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ, ನೀಲಿಯಾದರೆ ಆಯಿಲ್ ಸುಡುತ್ತಿದೆ, ಬಿಳಿಯಾದರೆ ಉರಿಯದ ಡೀಸೆಲ್ ಅಥವಾ ನೀರು. ಇದು ಸರಿ. ಆದರೆ ಬಣ್ಣ ನೋಡಿದ ಕೂಡಲೇ ತೀರ್ಪು ಕೊಡುವುದೇ ತೊಂದರೆ.

ನೀಲಿ ಹೊಗೆ ಅಂದ ಕೂಡಲೇ ರಿಂಗ್ ಹೋಯಿತು ಅನ್ನುತ್ತಾರೆ. ನಮ್ಮ ಕಡೆಯ ಒಂದು ಜೀಪಿನಲ್ಲಿ ಹೀಗೇ ಆಯಿತು. ಸರ್ವಿಸ್ ಮುಗಿಸಿ ಬಂದದ್ದೇ ನೀಲಿ ಹೊಗೆ ಶುರು. ಎಂಜಿನ್ ಇಳಿಸುವ ಮಾತೂ ಆಗಿತ್ತು. "ಮೊನ್ನೆವರೆಗೆ ಸರಿ ಇತ್ತಲ್ಲ ಅಣ್ಣ, ಸರ್ವಿಸ್‌ನಲ್ಲಿ ಏನೇನು ಮುಟ್ಟಿದ್ರು?" ಅಂತ ಹಳೇ ಡ್ರೈವರ್ ಒಬ್ಬರು ಕೇಳಿದರು. ಎಂಥ ಒಳ್ಳೇ ಪ್ರಶ್ನೆ! ಹಳೇ ಜೀಪುಗಳಲ್ಲಿ ಏರ್ ಕ್ಲೀನರ್ ಪೇಪರಿನದ್ದಲ್ಲ, ಆಯಿಲ್ ಬಾತ್. ಒಂದು ಬಟ್ಟಲಿನಲ್ಲಿ ಆಯಿಲ್ ಇರುತ್ತದೆ, ಗಾಳಿ ಅದರ ಮೇಲೆ ಹಾದು ಧೂಳು ಬಿಟ್ಟು ಹೋಗುತ್ತದೆ. ಬಟ್ಟಲಿನಲ್ಲಿ ಗುರುತಿದೆ. ಅದನ್ನು ಮೀರಿ ತುಂಬಿಸಿದ್ದರು. ಎಂಜಿನ್ ಗಾಳಿಯ ಜೊತೆ ಆ ಆಯಿಲನ್ನೂ ಎಳೆದುಕೊಂಡು ಸುಡುತ್ತಿತ್ತು. ಬಟ್ಟಲಿನ ಹೆಚ್ಚುವರಿ ಆಯಿಲ್ ತೆಗೆದ ಮೇಲೆ ಹೊಗೆ ನಿಂತಿತು. ಇದು ಬರೀ ಹೊಗೆಯ ವಿಷಯವೂ ಅಲ್ಲ. ಡೀಸೆಲ್ ಎಂಜಿನ್ ಹೀಗೆ ಆಯಿಲ್ ಕುಡಿದು ಕೈಮೀರಿ ರೇಸ್ ಆಗಿಬಿಡುವ ಅಪಾಯವಿದೆ. ಆಗ ಕೀ ತಿರುಗಿಸಿದರೂ ನಿಲ್ಲುವುದಿಲ್ಲ.

ನಿಜವಾಗಿ ರಿಂಗ್ ಸವೆದಿದ್ದರೆ ಬೇರೆ ಸಾಕ್ಷಿಗಳೂ ಸಿಗುತ್ತವೆ. ಬಿಸಿ ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಪುಸುಪುಸು ಅಂತ ಒತ್ತಿ ಬರುತ್ತದೆ. ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಅನ್ನುವುದು ಇದನ್ನೇ. ಡಿಪ್‌ಸ್ಟಿಕ್ಕಿನ ಮಟ್ಟ ಪ್ರತಿ ವಾರ ಇಳಿಯುತ್ತದೆ. ಲೋಡ್ ಎಳೆಯುವಾಗ ನೀಲಿ ಜಾಸ್ತಿಯಾಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಇನ್ನೊಂದು ಸುಳಿವಿದೆ. ಉದ್ದ ಇಳಿಜಾರಿನಲ್ಲಿ ಆಕ್ಸಿಲೇಟರ್ ಬಿಟ್ಟು ಬಂದು, ಕೆಳಗೆ ಮತ್ತೆ ಒತ್ತಿದಾಗ ಒಂದು ಮೋಡ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಕಡೆ ನೋಡಬೇಕು. ಅದು ಹೆಡ್ ಕೆಲಸ. ಕೆಳಗಿನ ಬ್ಲಾಕ್ ಮುಟ್ಟಬೇಕಾಗಿಯೇ ಇಲ್ಲದಿರಬಹುದು.

ಬಿಳಿ ಹೊಗೆಯನ್ನು ಮೂಗಿನಿಂದ ಗುರುತಿಸುವುದು ಸುಲಭ. ಕಣ್ಣು ಉರಿದು, ಹಸಿ ಡೀಸೆಲ್ ವಾಸನೆ ಬಂದು, ಹೊಗೆ ಅಲ್ಲೇ ತೇಲುತ್ತಿದ್ದರೆ ಅದು ಉರಿಯದ ಡೀಸೆಲ್. ನಮ್ಮ ಪ್ಯೂಜೋ ಎಂಜಿನ್ನಿನಲ್ಲಿ ಡೀಸೆಲ್ ಬೀಳುವುದು ಹೆಡ್ಡಿನೊಳಗಿನ ಸಣ್ಣ ಕೋಣೆಗೆ. ತಣ್ಣಗಿರುವಾಗ ಆ ಕೋಣೆಯನ್ನು ಹೀಟರ್ ಪ್ಲಗ್ ಕಾಯಿಸಬೇಕು. ನಾಲ್ಕರಲ್ಲಿ ಒಂದು ಪ್ಲಗ್ ಸತ್ತಿದ್ದರೂ ಡಿಸೆಂಬರ್ ಬೆಳಿಗ್ಗೆ ಜೀಪು ನಡುಗುತ್ತಾ ಬಿಳಿ ಹೊಗೆ ಉಗುಳುತ್ತದೆ. ಬಿಸಿಯಾದ ಮೇಲೆ ಏನೂ ಇರುವುದಿಲ್ಲ. ಹಬೆಯಾದರೆ ಕಣ್ಣು ಉರಿಯುವುದಿಲ್ಲ, ಸ್ವಲ್ಪ ದೂರ ಹೋಗಿ ಕರಗಿಬಿಡುತ್ತದೆ. ಚಳಿಯಲ್ಲಿ ಸ್ವಲ್ಪ ಹಬೆ ಎಲ್ಲ ಗಾಡಿಯಲ್ಲೂ ಸಹಜ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಬರುತ್ತಲೇ ಇದ್ದು, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಆಗ ಯೋಚನೆ ಮಾಡಬೇಕು.

ಕಪ್ಪು ಹೊಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊಗೆ, ಹೀಟು ಎರಡೂ ಕೈ ಜೋಡಿಸುವುದು ಇಲ್ಲೇ.

ಪೆಟ್ರೋಲ್ ಎಂಜಿನ್ನಿಗೆ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದರೆ ಹೀಟ್ ಏರುತ್ತದೆ. ಡೀಸೆಲ್ಲಿನಲ್ಲಿ ಉಲ್ಟಾ. ಡೀಸೆಲ್ ಜಾಸ್ತಿ ಬಿದ್ದಷ್ಟೂ ಬಿಸಿ ಜಾಸ್ತಿ. ಚಾರ್ಮಾಡಿ ಘಾಟಿಯಲ್ಲಿ ಕೊಟ್ಟಿಗೆಹಾರದ ಕಡೆಗೆ ಹತ್ತುತ್ತಿದ್ದೀರಿ ಅನ್ನಿ. ಮುಂದೆ ಲಾರಿ, ನೀವು ಮೂರನೇ ಗೇರಿನಲ್ಲಿ, ಆಕ್ಸಿಲೇಟರ್ ಪೂರ್ತಿ ಒತ್ತಿದ್ದೀರಿ. ಎಂಜಿನ್ ಗುಂಯ್ ಅನ್ನದೆ ಗೊರಗೊರ ಅನ್ನುತ್ತಿದೆ. ಪಂಪು ಕೊಡಬಹುದಾದ ಡೀಸೆಲ್ ಪೂರ್ತಿ ಕೊಡುತ್ತಿದೆ. ತಿರುಗುವುದು ನಿಧಾನವಾದ್ದರಿಂದ ಫ್ಯಾನೂ ನಿಧಾನ, ವಾಟರ್ ಪಂಪೂ ನಿಧಾನ. ಒಳಗೆ ಬಿಸಿ ಹುಟ್ಟುವುದು ಜಾಸ್ತಿ, ಹೊರಗೆ ಹೋಗುವುದು ಕಡಿಮೆ. ಹಿಂದೆ ಕಪ್ಪು ಹೊಗೆ, ಮುಂದೆ ಏರುವ ಮುಳ್ಳು. ಎರಡನೇ ಗೇರಿಗೆ ಹಾಕಿ. ಆಕ್ಸಿಲೇಟರ್ ಸ್ವಲ್ಪ ಬಿಟ್ಟರೂ ಗಾಡಿ ಹತ್ತುತ್ತದೆ. ಹೊಗೆ ತೆಳುವಾಗುತ್ತದೆ, ಸ್ವಲ್ಪ ಹೊತ್ತಿಗೆ ಮುಳ್ಳೂ ಇಳಿಯತೊಡಗುತ್ತದೆ. ಇಳಿದರೆ ನಿಮ್ಮ ಎಂಜಿನ್ ಬಹುಪಾಲು ಆರೋಗ್ಯವಾಗಿದೆ. ಯಾವ ಗ್ಯಾರೇಜಿಗೂ ಹೋಗದೆ ಮಾಡಿದ ಪರೀಕ್ಷೆ ಇದು. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಗೇರ್ ಇಳಿಸಿದರೂ ಕಪ್ಪು ಹೋಗದಿದ್ದರೆ ಏರ್ ಕ್ಲೀನರ್ ನೋಡಿ, ನಾಜಲ್ ಟೆಸ್ಟ್ ಮಾಡಿಸಿ. ನಾಜಲ್ ಡೀಸೆಲ್ಲನ್ನು ಮಂಜಿನ ಹಾಗೆ ಚಿಮ್ಮಿಸಬೇಕು, ತೊಟ್ಟಿಕ್ಕಬಾರದು. ಡೀಸೆಲ್ ಪಂಪಿನ ಸೆಟ್ಟಿಂಗ್ ಯಾರೂ ಬದಲಿಸದಂತೆ ಹಾಕಿದ ಸೀಲ್ ಒಡೆದಿದೆಯೇ ಅನ್ನುವುದನ್ನೂ ಗಮನಿಸಿ. ಪಿಕಪ್ ಸಾಲದು ಅಂತ ಯಾರೋ ಡೀಸೆಲ್ ಜಾಸ್ತಿ ಮಾಡಿರಬಹುದು. ಅಂಥ ಜೀಪು ಏರಿನಲ್ಲಿ ಚುರುಕಾಗಿಯೇ ಇರುತ್ತದೆ, ಹೀಟೂ ಆಗುತ್ತದೆ. ಎಮಿಷನ್ ಟೆಸ್ಟಿಗೆ ಹೋದಾಗ ಸಿಕ್ಕಿಬೀಳುತ್ತದೆ. ಬಿಎಸ್4 ಹೊಗೆ ನಿಯಮಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಹೊಗೆಯ ಮಿತಿ 65 ಹಾರ್ಟ್ರಿಡ್ಜ್ ಯೂನಿಟ್, ಅಂದರೆ ಹೊಗೆ ಎಷ್ಟು ದಟ್ಟ ಅನ್ನುವ ಅಳತೆ. ನಾಜಲ್, ಪಂಪು, ಏರ್ ಕ್ಲೀನರ್ ಸರಿಯಿರುವ ಹಳೇ ಎಂಜಿನ್ ಅದರೊಳಗೆ ನಿಲ್ಲುವುದು ಕಷ್ಟವೇನಲ್ಲ. ರಿಜಿಸ್ಟ್ರೇಷನ್ ರಿನ್ಯೂವಲ್ ಹತ್ತಿರ ಬಂದಾಗ ಕೊನೇ ವಾರದಲ್ಲಿ ಓಡಾಡುವುದಕ್ಕಿಂತ ಇದನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಗೆ ಎಲ್ಲರೂ ಹೆದರುವ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ತೆಳು ಹಾಳೆ. ಇಲ್ಲೂ ಮಳೆಗಾಲದ ಒಂದು ಸುಳ್ಳು ಗಾಬರಿ ಇದೆ. ಜುಲೈನಲ್ಲಿ ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಜಿಡ್ಡು ಕಾಣುತ್ತದೆ. "ಆಯಿಲಿಗೆ ನೀರು ಸೇರಿದೆ, ಗ್ಯಾಸ್ಕೆಟ್ ಹೋಯಿತು" ಅಂತ ತೀರ್ಮಾನ. ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ ಅಂತ ಎರಡೆರಡು ಕಿಲೋಮೀಟರ್ ಮಾತ್ರ ಓಡುವ ಗಾಡಿ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ತಣ್ಣನೆಯ ಮುಚ್ಚಳಕ್ಕೆ ಅಂಟಿ ಆಯಿಲ್ ಜೊತೆ ಸೇರಿ ಕೆನೆ ಕಟ್ಟುತ್ತದೆ. ಥರ್ಮೋಸ್ಟಾಟ್ ಕಿತ್ತಿದ್ದರೆ ಇನ್ನೂ ಜಾಸ್ತಿ. ಡಿಪ್‌ಸ್ಟಿಕ್ ತೆಗೆದು ನೋಡಿ. ಅಲ್ಲಿ ಆಯಿಲ್ ಶುದ್ಧವಾಗಿದ್ದು, ರೇಡಿಯೇಟರಿನ ನೀರೂ ಇಳಿಯದಿದ್ದರೆ ಮುಚ್ಚಳ ಒರೆಸಿ ಒಂದು ಉದ್ದ ಓಟ ಓಡಿಸಿ. ಕೆನೆ ಮತ್ತೆ ಕಟ್ಟದಿದ್ದರೆ ಗ್ಯಾಸ್ಕೆಟ್ಟಿನ ಚಿಂತೆ ಬಿಡಿ.

ಗ್ಯಾಸ್ಕೆಟ್ ನಿಜವಾಗಿ ಹೋಗಿದ್ದರೆ ಲಕ್ಷಣಗಳು ಬೇರೆ. ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ. ರೇಡಿಯೇಟರಿನಲ್ಲಿ ಗುಳ್ಳೆಗಳು ಬಿಡದೆ ಬರುತ್ತಿದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಸೇರುತ್ತಿದೆ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದರೆ ನೀರು ಇನ್ನೂ ತಣ್ಣಗಿರುವಾಗಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾಗುತ್ತದೆ. ಹೊರಗೆ ಎಲ್ಲೂ ಲೀಕ್ ಇಲ್ಲದೆ ನೀರು ಮಾಯವಾಗುತ್ತದೆ. ಇವು ಒಟ್ಟಿಗೆ ಕಂಡರೆ ತಡ ಮಾಡಬೇಡಿ, ಹೆಡ್ ಇಳಿಸಿ.

ಇಳಿಸಿದ ಮೇಲೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಿಸಬೇಡಿ. ಅಲ್ಯುಮಿನಿಯಂ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯುಮಿನಿಯಂ ಹೆಡ್ ಇರುವ ಎಂಜಿನ್ ಜೋರಾಗಿ ಹೀಟಾಗಿದ್ದರೆ ಹೆಡ್ ಬಾಗಿರುವ ಸಾಧ್ಯತೆ ತುಂಬಾ ಜಾಸ್ತಿ. ಲೇತಿನಲ್ಲಿ ನೇರಪಟ್ಟಿ ಇಟ್ಟು ನೋಡಿಸಿ, ಬೇಕಾದರೆ ಫೇಸಿಂಗ್ ಮಾಡಿಸಿ, ಬಿರುಕಿದೆಯೇ ಅಂತ ಪ್ರೆಶರ್ ಟೆಸ್ಟ್ ಮಾಡಿಸಿ. ಬೋಲ್ಟುಗಳನ್ನು ಕಂಪನಿ ಹೇಳಿದ ಕ್ರಮದಲ್ಲಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು. ಗ್ಯಾಸ್ಕೆಟ್ ತಾನಾಗಿ ಹೋಗುವುದು ಅಪರೂಪ, ಅದನ್ನು ಸುಟ್ಟದ್ದು ಹೀಟು. ಆ ಹೀಟು ಯಾವಾಗ ಬರುತ್ತಿತ್ತು ಅನ್ನುವುದನ್ನು ಮೆಕ್ಯಾನಿಕ್‌ಗೆ ಬಿಡಿಸಿ ಹೇಳಿ. ಹೆಡ್ ಲೇತಿನಲ್ಲಿರುವ ಆ ಎರಡು ಮೂರು ದಿನದಲ್ಲೇ ರೇಡಿಯೇಟರನ್ನೂ ರಾಡಿಂಗಿಗೆ ಕೊಟ್ಟು, ಹೊಸ ಥರ್ಮೋಸ್ಟಾಟ್, ಹೊಸ ಮುಚ್ಚಳ, ಹೊಸ ಹೋಸುಗಳನ್ನು ತಂದಿಟ್ಟುಕೊಳ್ಳಿ. ಹೆಡ್ ವಾಪಸ್ ಬಂದ ದಿನ ಎಲ್ಲವೂ ಒಟ್ಟಿಗೆ ಕೂರಲಿ.